ಕುಬ್ರಾ ಬೀಯ ‘ಕಲ್’

ಸೊರಬ, 14-3-1974, ಗುರುವಾರ

ರೇಡಿಯೋದಲ್ಲಿ ಬರುವ ಕಾಲ ದಾಟುವ ಇನ್ಸ್‌ಪೆಕ್ಟರನ ನಾಟಕದ ಹೊಸ ಮಾಲಿಕೆ ನನಗೇಕೋ ಒಗ್ಗುತ್ತಿಲ್ಲ. ಮೊದಲು ನಿನ್ನೆಗೆ ಹೋಗಿ ಕಳ್ಳನನ್ನು ಹಿಡಿಯುತ್ತಿದ್ದವನು ಈಗ ನಾಳೆಗೆ ಹೋಗುತ್ತಿದ್ದಾನೆ. ಇನ್ನೂ ಆಗದ ಕಳ್ಳತನಕ್ಕೆ ಬೇಡಿ ಹಾಕುವುದು ಯಾವ ನ್ಯಾಯ? ಪಕ್ಕದ ಮನೆಯ ಕುಬ್ರಾ ಬೀ ಜೊತೆ ಸಂಜೆಯೆಲ್ಲ ಇದೇ ಜಗಳ.

"ನಮ್ ಮಾತಲ್ಲಿ ನಿನ್ನೇನೂ ಕಲ್, ನಾಳೇನೂ ಕಲ್. ಅವ್ನು ಯಾವ ಕಡೆ ಹೋದ್ರೇನ್ರಿ ನಿರ್ಮಲಕ್ಕ, ಕಳ್ಳ ಸಿಕ್ಕಿದ್ರೆ ಸಾಕು" ಎಂದಳು. ಅವಳ ಆ ‘ಕಲ್’ ನನಗೆ ಹೊಸದಲ್ಲ.

ಹೋದ ವರ್ಷ ನಾನು ಮಂಗನ ಕಾಯಿಲೆಯಲ್ಲಿ ಮಲಗಿದ್ದಾಗ ನೆಂಟರೂ ಹೊಸ್ತಿಲು ತುಳಿಯಲಿಲ್ಲ. ಇವಳು ದಿನವೂ ಬಂದು ಗಂಜಿ ಕುಡಿಸಿ, ಹೊರಡುವಾಗ "ಕಲ್" ಎನ್ನುತ್ತಿದ್ದಳು. ನಾಳೆ ಬರುತ್ತಾಳೆ ಎಂದಷ್ಟೇ ತಿಳಿದಿದ್ದೆ. ಜ್ವರದ ಮಂಪರಿನಲ್ಲಿ ನಿನ್ನೆ ಯಾವುದು, ನಾಳೆ ಯಾವುದು ಒಂದೂ ಗೊತ್ತಾಗುತ್ತಿರಲಿಲ್ಲ. ಯಾವ ಕಡೆ ಹೊರಳಿದರೂ ಅವಳು ಇದ್ದಳು.