ಡೆಕ್ಲನ್ ತಂದ ಸಂಜೀವಿನಿ

ಲೂಕನ್, ಭಾನುವಾರ

ಅಪ್ಪಾ,

ಹಿಮದಲ್ಲಿ ನಡೆದುಹೋಗಿ ಪಾಪುಗೆ ಔಷಧಿ ತಂದುಕೊಟ್ಟ ಪಕ್ಕದ್ಮನೆ ಡೆಕ್ಲನ್ ಅವರಿಗೆ ನೀವು ಬರೆದ ಚಿತ್ರ ಕೊಟ್ಟೆ. ಸಂಜೀವಿನಿ ಹೊತ್ತ ಹನುಮಂತ. ಮೂತಿ ಕೋತಿಯದು, ಕನ್ನಡಕ, ಟೋಪಿ ಅವರದೇ.

ಅವರು ಒಳಗೆ ಹೋಗಿ ಒಂದು ಪುಸ್ತಕ ತಂದು ತೆರೆದರು. ನೂರೈವತ್ತು ವರ್ಷದ ಹಿಂದಿನ ಅಮೆರಿಕದ ಪತ್ರಿಕೆಗಳ ವ್ಯಂಗ್ಯಚಿತ್ರಗಳು. ಹೊಟ್ಟೆಪಾಡಿಗೆ ಅಲ್ಲಿಗೆ ಹೋದ ಇವರ ಐರಿಷ್ ಜನಕ್ಕೆಲ್ಲ ಕೋತಿ ಮೂತಿ! ಟೋಪಿ ಕೂಡ ಅಂಥದ್ದೇ. "ಗ್ರ್ಯಾಂಡ್" ಅಂದು, ಅಂದರೆ ಇಲ್ಲಿಯವರ ಮಾತಲ್ಲಿ "ಆಯ್ತು, ಪರವಾಗಿಲ್ಲ" ಅಂತ, ಬಾಗಿಲು ಹಾಕ್ಕೊಂಡರು.

ಫೋನ್ ಮಾಡಿ ನಗಬೇಡಿ. ಅವರಿಗೆ ತೋರಿಸೋಕೆ ಇನ್ನೊಂದು ಚಿತ್ರ ಬರೆದು ಕಳಿಸಿ. ಅದರಲ್ಲಿ ಡೆಕ್ಲನ್ ಬೇಡ. ನಮ್ಮ ದೇವರಮನೆ ಹನುಮಂತ ಇರಲಿ, ಅವನ ಮುಂದೆ ಕೈಮುಗಿದು ನೀವು ನಿಂತಿರಿ.

ನಿಮ್ಮ
ಪ್ರೇರಣಾ