ಗೊತ್ತಿಲ್ಲ ಎಂದ ಡಾಕ್ಟರಮ್ಮ

ಮಾವ,

ತಿಂಡಿ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಳ್ಳಿ. ಹಳದಿ ಮಾತ್ರೆ ಇವತ್ತಿನಿಂದ ಬೇಡ. ಅದನ್ನು ನನ್ನ ಬ್ಯಾಗಿಗೆ ಹಾಕಿಕೊಂಡಿದ್ದೇನೆ, ಹುಡುಕಬೇಡಿ.

ನಿನ್ನೆ ಆ ಹೊಸ ಡಾಕ್ಟರಮ್ಮ, "ತಲೆಸುತ್ತು ಯಾಕೆ ಅಂತ ನಂಗೂ ಗೊತ್ತಾಗ್ತಿಲ್ಲ, ವಿಚಾರಿಸಿ ಹೇಳ್ತೀನಿ" ಎಂದಾಗ ನೀವು ಎದ್ದೇಬಿಟ್ಟಿರಿ. "ಗೊತ್ತಿಲ್ಲದವ್ರ ಹತ್ರ ನಂಗೇನು ಕೆಲ್ಸ?" ಎಂದು ದಾರಿಯುದ್ದಕ್ಕೂ ಗೊಣಗಿದಿರಿ.

ಇವತ್ತು ನೀವು ಸ್ನಾನಕ್ಕೆ ಹೋಗಿದ್ದಾಗ ಅವರೇ ಫೋನ್ ಮಾಡಿದರು. ತಮ್ಮ ಹಿರಿಯ ಡಾಕ್ಟರೊಬ್ಬರನ್ನು ಕೇಳಿದರಂತೆ. ನಿಮ್ಮ ಹಳದಿ ಮಾತ್ರೆಯಲ್ಲೂ ಬಿಳಿ ಮಾತ್ರೆಯಲ್ಲೂ ಇರುವುದು ಒಂದೇ ಬಿಪಿ ಔಷಧಿ, ಹೆಸರು ಮಾತ್ರ ಬೇರೆ. ಎರಡೆರಡು ಸಲ ನುಂಗಿದರೆ ತಲೆ ಸುತ್ತದೆ ಇನ್ನೇನು? ನಿಮ್ಮ ಹಳೆಯ ಡಾಕ್ಟರು ನೀವು ಕೂರುವ ಮೊದಲೇ ಔಷಧಿ ಬರೆದು ಮುಗಿಸುತ್ತಿದ್ದರು. ಅವರಿಗೆ ಇದು ಕಾಣಲೇ ಇಲ್ಲ.

ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು ನೀವು. ಬಿಚ್ಚಿ ನೋಡದೆ ಯಾರಿಗಾದರೂ ಏನಾದರೂ ಹೇಳಿದ್ದುಂಟೇ?

ಹಳದಿ ನಿಲ್ಲಿಸಲು ಡಾಕ್ಟರಮ್ಮನೇ ಹೇಳಿದ್ದಾರೆ; ಬಿಳಿ ಮಾತ್ರೆ ಮಾತ್ರ ತಪ್ಪಿಸಬೇಡಿ.

ಹೇಗಿದ್ದೀರಿ ಎಂದು ಕೇಳಲು ಸಂಜೆ ಐದಕ್ಕೆ ಡಾಕ್ಟರಮ್ಮ ಮತ್ತೆ ಫೋನ್ ಮಾಡುತ್ತಾರೆ. ನೀವೇ ಎತ್ತಿ. "ಚೆನ್ನಾಗಿದೀನಿ" ಎಂದು ಹೇಳಿ ಇಟ್ಟುಬಿಡಬೇಡಿ, ಇದ್ದದ್ದು ಇದ್ದ ಹಾಗೆ ಹೇಳಿ. ಅವರು ಕೇಳಿಸಿಕೊಳ್ಳುತ್ತಾರೆ.

ನಿಮ್ಮ ಸೊಸೆ