ದೂರದ ತಿರುವಿಗೆ ತಲುಪಿದ ಕರೆಂಟು

ಎಲ್ವುಡ್ ತಮ್ಮಾ,

ಆಲೂಗಡ್ಡೆ ಅರ್ಧ ಸುಲಿದಿಟ್ಟಿದ್ದೇನೆ, ಉಳಿದದ್ದು ನಿನ್ನ ಪಾಲಿಗೆ. ಅದಕ್ಕೂ ಮೊದಲು ನೆಲಮಾಳಿಗೆಗೆ ಇಳಿದು ನಿನ್ನ ಆಟದ ರೈಲು ಓಡಿಸಿ ನೋಡು.

"ಇಂಜಿನ್ನೇ ಸತ್ತೋಗಿದೆ ಕಣಕ್ಕಾ, ಈ ಕ್ರಿಸ್‌ಮಸ್‌ ಪ್ರದರ್ಶನಕ್ಕೆ ನಮ್ಮ ರೈಲು ತರಲ್ಲ ಅಂತ ಫೈರ್ ಸ್ಟೇಷನ್ನೋರಿಗೆ ಬರೆದ್ಬಿಡು" ಅಂತ ನಿನ್ನೆ ಮುಖ ಊದಿಸಿಕೊಂಡೆಯಲ್ಲ, ಅಪ್ಪ ಕೊಟ್ಟ ಆ ಇಂಜಿನ್ನು ಗಟ್ಟಿಮುಟ್ಟಾಗಿಯೇ ಇದೆ. ಕಾಲಿಂಗ್ ಬೆಲ್ಲಿಗೆ ಹಾಕುವ ತೆಳು ವೈರನ್ನು ಇಡೀ ಮೇಜಿನ ಸುತ್ತ ಎಳೆದರೆ ಕೊನೆಯ ತಿರುವಿಗೆ ಕರೆಂಟು ಹೇಗೆ ತಲುಪೀತು, ಮಾರಾಯಾ? ಮನೆಯ ವೈರಿಂಗಿನಲ್ಲಿ ಮಿಕ್ಕಿದ್ದ ದಪ್ಪ ವೈರನ್ನು ಮೇಜಿನಡಿ ಎಳೆದಿದ್ದೇನೆ. ಅಲ್ಲಿಂದ ಹಳಿಗೆ ಏರುವ ಗೇಣುದ್ದದ ವೈರ್ ತುಂಡುಗಳು ತೆಳುವಾಗಿದ್ದರೂ ನಡೆಯುತ್ತದೆ, ಅವನ್ನು ಕೀಳಬೇಡ.

ಆಮೇಲೆ ಆಟದ ರೈಲು ಓಡಿಸುವ ನಿನ್ನ ಗೆಳೆಯರು ಮಾಡುವಂತೆ, ವೈರನ್ನು ಪರೀಕ್ಷಿಸಲು ಆ ತಿರುವಿನ ಎರಡೂ ಹಳಿಗಳಿಗೆ ತಾಗುವಂತೆ ನಾಣ್ಯವೊಂದನ್ನು ಅಡ್ಡ ಇಟ್ಟು ಶಾರ್ಟ್ ಮಾಡಿದೆ. ಹಳೆಯ ವೈರಿನಲ್ಲಿ ನಾಣ್ಯ ಸುಮ್ಮನೆ ಬಿಸಿಯಾಗುತ್ತಿತ್ತು. ಈಗ ಇಟ್ಟ ಕೂಡಲೇ ಹಳಿಗೆ ಕರೆಂಟು ಕೊಡುವ ಪೆಟ್ಟಿಗೆ ಶಾರ್ಟ್ ಆಗಿದ್ದನ್ನು ಗುರುತಿಸಿ ಟಕ್ಕೆಂದು ತಾನೇ ಆಫ್ ಆಯಿತು. ಅಂದರೆ ಆ ದೂರದ ತಿರುವಿಗೂ ಪೂರ್ತಿ ಕರೆಂಟು ಹರಿಯುತ್ತಿದೆ, ವೈರು ಸಾಕಷ್ಟು ದಪ್ಪವಿದೆ! ನನ್ನ ಎದೆ ಹಗುರಾಯಿತು. ನಾಣ್ಯ ತೆಗೆದ ಮೇಲೆ ರೈಲು ಎಲ್ಲೂ ತಡವರಿಸದೆ ಸುತ್ತು ಹಾಕಿತು.

ಬೇಸಿಗೆಯಿಂದ ಫ್ರಿಜ್ಜಿನ ಮೇಲೆ ಕೂತಿದ್ದ ಫೈರ್ ಸ್ಟೇಷನ್ನಿನವರ ಆಹ್ವಾನದ ಕಾಗದಕ್ಕೆ "ರೈಲು ತರುತ್ತೇವೆ" ಎಂದು ಉತ್ತರ ಬರೆದು, ಅಂಚೆಗೆ ಹಾಕಲು ಹೊರಟಿದ್ದೇನೆ.

ಅಕ್ಕ ವರ್ನಾ